ಥರ್ಮಾಕೋಲಿನ ಸೀಸ

ಅಣುಶಕ್ತಿಯಿಂದ ಮನುಷ್ಯರನ್ನು ಹೊತ್ತು ಹಾರಿದ ವಿಮಾನ ಇವತ್ತಿನವರೆಗೆ ಒಂದೂ ಇಲ್ಲ. ಐವತ್ತರ ದಶಕದಲ್ಲಿ ಅಮೆರಿಕದವರು ವಿಮಾನದೊಳಗೆ ರಿಯಾಕ್ಟರು ಕೂರಿಸಿ ಹಾರಿಸಿದ್ದು ನಿಜ. ರಿಯಾಕ್ಟರು ಚಾಲೂ ಇತ್ತು, ವಿಮಾನ ಹಾರಿದ್ದು ಮಾತ್ರ ಮಾಮೂಲಿ ಎಣ್ಣೆಯಿಂದ. ರಿಯಾಕ್ಟರಿನ ವಿಕಿರಣದಿಂದ ಒಳಗಿದ್ದವರು ಉಳಿಯಬೇಕಲ್ಲ, ಅದಕ್ಕೆ ಸೀಸ ಮತ್ತು ರಬ್ಬರಿನಿಂದ ಟನ್‌ಗಟ್ಟಲೆ ತೂಕದ ರಕ್ಷಣೆ ಕಟ್ಟಿದ್ದರು. ಬಿದ್ದರೆ ಆ ಜಾಗಕ್ಕೆ ಯಾರೂ ಹೋಗದಂತೆ ಕಾಯಲು ಸೈನಿಕರನ್ನು ತುಂಬಿಕೊಂಡ ಇನ್ನೊಂದು ವಿಮಾನ ಹಿಂದೆಯೇ ಹೋಗುತ್ತಿತ್ತು. ೧೯೬೧ರಲ್ಲಿ ಯೋಜನೆಯನ್ನೇ ಮುಚ್ಚಿದರು.

ಅವರ ಕೈಯಲ್ಲಿ ಆಗದ್ದು ಕಳೆದ ನವೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಆಯಿತು. ಮಾಡಿದವನು ಮುನೇಶ.

ಮುನೇಶನದು ಗೌರಿಬಿದನೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ವಿದುರಾಶ್ವತ್ಥದ ಕಡೆಯ ರೈತಾಪಿ ಮನೆಯವನು, ಹೊಲ ಅಣ್ಣನ ಸುಪರ್ದಿಯಲ್ಲಿದೆ. ವರ್ಷವಿಡೀ ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಾನೆ. ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಜಿಲ್ಲೆಯ ಎಷ್ಟೋ ಮಕ್ಕಳ ವಿಜ್ಞಾನ ಅವನ ಅಂಗಡಿಯಲ್ಲೇ ತಯಾರಾಗುತ್ತದೆ. ಅಪ್ಪಂದಿರು ಬರುತ್ತಾರೆ, ವಿಷಯ ಹೇಳುತ್ತಾರೆ, ಹೋಗುತ್ತಾರೆ. ಮಕ್ಕಳು ಬರುವ ಅಗತ್ಯವಿಲ್ಲ. ಮುನೇಶನ ಮಾಡೆಲ್ ಕೈಕೊಟ್ಟದ್ದಿಲ್ಲ. ಅವನ ಗಾಳಿಯಂತ್ರ ಗಾಳಿಯಿಲ್ಲದಿದ್ದರೂ ತಿರುಗುತ್ತದೆ, ಸೋಲಾರ್ ದೀಪ ಬಿಸಿಲಿಲ್ಲದಿದ್ದರೂ ಉರಿಯುತ್ತದೆ. ಅಡಿ ಹಲಗೆಯ ಕೆಳಗೆ ಎರಡು ಪೆನ್ಸಿಲ್ ಸೆಲ್ಲು ಇರುತ್ತವೆ. ಕೇಳಿದರೆ "ಮಕ್ಳು ಅಳಬಾರ್ದಲ್ಲ ಸಾರ್" ಅನ್ನುತ್ತಾನೆ. ಇದಕ್ಕೆ ಮೋಸ ಎಂಬ ಹೆಸರಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದ ನಮಗೂ ಹೊಳೆದಿರಲಿಲ್ಲ.

ಕಳೆದ ಸಲದ ವಿಷಯ 'ನಾಳಿನ ಸಾರಿಗೆ'. ಚಿಂತಾಮಣಿಯ ಸುನೀಲ್‌ಕುಮಾರ್ ಬಂದು ಮಗ ಚೈತನ್ಯನಿಗೆ ಅಣು ವಿಮಾನ ಬೇಕೆಂದರು. "ಡಿಸ್ಟ್ರಿಕ್ಟಲ್ಲಿ ಫಸ್ಟ್ ಬರ್ಬೇಕು ಮುನೇಶಣ್ಣ. ಸ್ಟೇಟಿಗೆ ಹೋಗೋದು ಒಂದೇ ಮಾಡೆಲ್."

ಮುನೇಶ ಮಾಡಿಕೊಟ್ಟ. ನಡುವೆ ಒಂದು ಗೂಟ, ಅದರ ಮೇಲೆ ತಿರುಗುವ ಕಡ್ಡಿ, ಕಡ್ಡಿಯ ತುದಿಗೆ ವಿಮಾನ. ಮೂಗಿನ ಪುಟ್ಟ ಫ್ಯಾನು ತಿರುಗಿದರೆ ವಿಮಾನ ಸುತ್ತು ಹಾಕುತ್ತ ಮೇಲೇಳುತ್ತದೆ. ರಿಯಾಕ್ಟರಿನ ಜಾಗದಲ್ಲಿ ಕೆಂಪು ಬಲ್ಬು. ಬಲ್ಬಿಗೂ ಪೈಲಟ್ಟಿಗೂ ನಡುವೆ ಒಂದು ಗೋಡೆ, ಅದಕ್ಕೆ ಬೂದು ಬಣ್ಣ, ಮೇಲೆ 'ಸೀಸ' ಎಂಬ ಚೀಟಿ.

ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಅವನ ಮಗಳು ತನುಶ್ರೀ ಅದನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಅಪ್ಪ, ಇದು ಥರ್ಮಾಕೋಲ್ ಅಲ್ವಾ?"

"ಮತ್ತೆ? ಸೀಸ ಇಟ್ರೆ ಏಳ್ತದೇನಮ್ಮ?"

"ಏಳಲ್ಲ. ಅದನ್ನೇ ಅಲ್ವಾ ತೋರಿಸ್ಬೇಕಾಗಿರೋದು?"

"ಏಳ್ದಿರೋದಕ್ಕೆ ಯಾರ್ ಕೊಡ್ತಾರೆ ತಾಯಿ ಪ್ರೈಜು?"

ತನುಶ್ರೀ ಫೋನಿನಲ್ಲಿ ಓದಿಕೊಂಡಳು, ತಾನೂ ಅದೇ ವಿಮಾನ ಮಾಡುತ್ತೇನೆಂದಳು. ಅವಳಿಗೂ ಸ್ಟೇಟಿಗೆ ಹೋಗಬೇಕಿತ್ತು, ಇದ್ದದ್ದು ಒಂದೇ ಜಾಗ. ಸೀಸದ ಬದಲು ಹಳೇ ಬೇರಿಂಗುಗಳನ್ನು ವಿಮಾನದ ಹೊಟ್ಟೆಗೆ ಕಟ್ಟಿದಳು. ಫ್ಯಾನು ಗುಂಯ್ ಅಂದಿತು, ವಿಮಾನ ಕದಲಲಿಲ್ಲ. ಮೋಟಾರು ಓಡಿಯೂ ಏನೂ ಏಳದಿರುವುದು ಮುನೇಶನ ಕಸುಬಿಗೇ ಅವಮಾನ.

"ಒಂದ್ ಬೇರಿಂಗ್ ಬಿಚ್ಚೇ. ಯಾರ್ ತೂಕ ಹಾಕ್ತಾರೆ?"

"ಬಿಚ್ಚಲ್ಲ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಅಮ್ಮಾಜಮ್ಮ ಕೇಳಿದರು, "ಏಮಮ್ಮಾ, ಅದು ನಮ್ ಹೊಲದ್ ಮೇಲೆ ಬಿದ್ರೆ?"

"ಬೆಂಕಿ ಆರಿಸ್ಬೋದಜ್ಜಿ, ಅದ್ರೊಳಗಿನ ವಿಷ ಆರ್ಸಕ್ಕಾಗಲ್ಲ. ಹೊಲ ಬಿಟ್ಟು ಹೋಗ್ಬೇಕು."

"ಹಂಗಾದ್ರೆ ಬಸ್ಸಿಗೇ ಹೋಗು ಕಣೇ."

ಚಿಕ್ಕಬಳ್ಳಾಪುರದ ಜಿಲ್ಲಾ ಪ್ರದರ್ಶನದಲ್ಲಿ ತೀರ್ಪುಗಾರರು ನರಸಿಂಹಮೂರ್ತಿ, ನಿವೃತ್ತ ಉಪನ್ಯಾಸಕರು. ಚೈತನ್ಯನ ವಿಮಾನ ಸುತ್ತು ಹಾಕಿ ಎದ್ದಿತು. ಚಪ್ಪಾಳೆ ಬಿತ್ತು. ತನುಶ್ರೀ ತನ್ನ ವಿಮಾನವನ್ನು ಮೊದಲು ಬೇರಿಂಗಿಲ್ಲದೆ ಹಾರಿಸಿದಳು.

"ಹಿಂಗಾದ್ರೆ ಹಾರುತ್ತೆ ಸಾರ್. ಆದ್ರೆ ಪೈಲಟ್ ಉಳಿಯಲ್ಲ." ಬೇರಿಂಗು ಕಟ್ಟಿದಳು. "ಹಿಂಗಾದ್ರೆ ಪೈಲಟ್ ಉಳೀತಾನೆ, ವಿಮಾನ ಏಳಲ್ಲ. ತುಂಬ ದೊಡ್ಡ ವಿಮಾನ ಮಾಡಿದ್ರೆ ಏಳ್ಬೋದೇನೋ. ಬೀಳಲ್ಲ ಅಂತ ಮಾತ್ರ ಯಾರೂ ಹೇಳಕ್ಕಾಗಲ್ಲ ಸಾರ್, ಬಿದ್ರೆ ಕೆಳಗಿರೋರು..."

"ವರ್ಕಿಂಗ್ ಮಾಡೆಲ್ ಅಂದ್ರೆ ವರ್ಕ್ ಆಗ್ಬೇಕಮ್ಮ" ಎಂದು ನರಸಿಂಹಮೂರ್ತಿ ನಡುವೆಯೇ ಹೇಳಿದರು. ಒಳ್ಳೆಯ ಮನುಷ್ಯರು, ಸಲಹೆಯನ್ನೂ ಕೊಟ್ಟರು. "ಮುಂದಿನ ಸಲ ಒಳ್ಳೇ ಮೋಟಾರು ಹಾಕಿಸ್ಕೊ. ಗೌರಿಬಿದನೂರಲ್ಲಿ ಯಾರೋ ಮುನೇಶ್ ಅಂತ ಇದಾನಂತೆ."

ಮುನೇಶ ಅವಳ ಹಿಂದೆಯೇ ನಿಂತಿದ್ದ. ಚೈತನ್ಯನ ಮೇಜಿಗೆ ಹೋದ, ಬೂದು ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು.

"ಸಾರ್, ಇದ್ನೂ ನಾನೇ ಮಾಡಿದ್ದು. ಸೀಸ ಅಲ್ಲ. ತೂಕ ಹಾಕಿದ್ರೆ ಇದೂ ಏಳಲ್ಲ. ಆ ಮಗು ಹೇಳಿದ್ದೇ ನಿಜ."

"ನನ್ ಮಗನ್ ಮಾಡೆಲ್‌ಗೆ ತೂತು ಹಾಕ್ತೀಯೇನಯ್ಯಾ!" ಎಂದು ಸುನೀಲ್‌ಕುಮಾರ್ ಕೂಗಿದರು. ಅಣ್ಣ ಅನ್ನುವ ಮಾತು ಅಲ್ಲಿಗೆ ಮುಗಿದಿತ್ತು.

ನರಸಿಂಹಮೂರ್ತಿ ನಕ್ಕರು. "ಮಾಡೆಲ್ ಅಂದ್ಮೇಲೆ ಥರ್ಮಾಕೋಲೇ ಅಲ್ವೇನಪ್ಪ? ಮಕ್ಕಳ ಕೈಗೆ ನಿಜವಾದ ಸೀಸ ಕೊಡಕ್ಕಾಗುತ್ತಾ? ಆರೋಗ್ಯಕ್ಕೆ ಅಪಾಯ."

ಚೈತನ್ಯ ಸ್ಟೇಟಿಗೆ ಹೋದ. ತೂತನ್ನು ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರಂತೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹದಿನಾಲ್ಕು ವರ್ಷ. ಭಾರವಾದದ್ದನ್ನು ತೆಗೆದಿಟ್ಟರೆ ಎಲ್ಲವೂ ಹಾರುತ್ತದೆ, ಹಾರಿದ್ದಕ್ಕೆ ಬಹುಮಾನ ಸಿಗುತ್ತದೆ ಎಂದು ಅವನಿಗೆ ಕಲಿಸಿದವರು ದೊಡ್ಡವರು. ಇಂಥ ಮಕ್ಕಳೇ ನಾಳೆ ನಿಜವಾದ ಯೋಜನೆಗಳಿಗೆ ಸಹಿ ಹಾಕುತ್ತಾರೆ. ಆಗ ಕೆಳಗೆ ಹೊಲದಲ್ಲಿ ನಿಂತಿರುವವರು ನಾವು.

ಮುನೇಶ ಈಗ ಮಗು ತಾನೇ ಬಂದು ಕೂತು ತಂತಿ ಸುತ್ತದಿದ್ದರೆ ಮಾಡೆಲ್ ಮಾಡಿಕೊಡುವುದಿಲ್ಲ. ಅಪ್ಪಂದಿರು ಬೇರೆ ಅಂಗಡಿ ಹುಡುಕಿಕೊಂಡಿದ್ದಾರೆ, ಸಿಕ್ಕಿದೆ. ತನುಶ್ರೀ ಈ ವರ್ಷ ಹತ್ತನೇ ತರಗತಿ, ಅದೇ ವಿಮಾನವನ್ನು ಮತ್ತೆ ತರುತ್ತಾಳಂತೆ, ಅದೇ ಬೇರಿಂಗುಗಳ ಜೊತೆ.

ಇದನ್ನು ಓದುತ್ತಿರುವ ನಿಮ್ಮಲ್ಲೇ ಯಾರನ್ನಾದರೂ ಈ ನವೆಂಬರಿನಲ್ಲಿ ತೀರ್ಪಿಗೆ ಕರೆಯುತ್ತಾರೆ. ಹೋಗಿ. ಏಳದ ವಿಮಾನದ ಮುಂದೆ ನಿಂತ ಹುಡುಗಿ ಅದು ಯಾಕೆ ಏಳಲಿಲ್ಲವೆಂದು ಹೇಳುತ್ತಿದ್ದರೆ ನಡುವೆ ಬಾಯಿ ಹಾಕಬೇಡಿ. ಪೂರ್ತಿ ಕೇಳಿ, ಅವಳಿಗೆ ಅಂಕ ಕೊಡಿ.