ಎಣಿಸಬಾರದ ಗೂಡುಗಳು

ಚಿಲಮತ್ತೂರಿನ ಆಚೆಗಿನ ಒಂದು ಊರಿಗೆ ಪ್ರತಿ ವರ್ಷ ಚಳಿ ಇಳಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬರುತ್ತವೆ. ಹುಣಸೆ ಮರಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲ ಶುರುವಾದ ಮೇಲೆ ಹೊರಡುತ್ತವೆ. ಊರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಅವು ಇರುವಷ್ಟು ದಿನ ಪಟಾಕಿ ಇಲ್ಲ, ತಮಟೆ ಇಲ್ಲ, ಮರ ಹತ್ತಿ ಹುಣಸೆ ಬಡಿಯುವುದೂ ಇಲ್ಲ. ಮನೆ ಮುಂದೆ ಮರ ಇಟ್ಟುಕೊಂಡು ಸಾರಿಗೆ ಅಂಗಡಿಯಿಂದ ಹುಣಸೆಹಣ್ಣು ತರುತ್ತಾರೆ. ನಾತದ ಸುದ್ದಿಯನ್ನಂತೂ ಯಾರೂ ಎತ್ತುವುದಿಲ್ಲ. ಮೊದಲ ಸಲ ನಾನು ಮೂಗಿಗೆ ಸೆರಗು ಹಿಡಿದಾಗ ಎಲ್ಲರೂ ನಕ್ಕರು.

ನಾನು ಹಿಂದೂಪುರದ ಶಾಲೆಯೊಂದರಲ್ಲಿ ಪಾಠ ಹೇಳುವವಳು. ನಮ್ಮೂರಿನ ಪಕ್ಷಿಪ್ರಿಯರ ಗುಂಪಿನಲ್ಲಿ ವಸಂತದ ಗೂಡು ಎಣಿಕೆ ನನ್ನ ಪಾಲಿಗೆ ಬಂದಿದ್ದು, ಬೆಳಗಿನ ಬಸ್ಸು ಹಿಡಿಯಲು ಬೇರೆ ಯಾರೂ ಒಪ್ಪದಿದ್ದ ಕಾರಣಕ್ಕೆ. ಎಲ್ಲ ಮರಗಳೂ ಕಾಣುವ ತಾರಸಿ ಆ ಊರಿನಲ್ಲಿ ಒಂದೇ. ಆ ಮನೆಯ ಯಜಮಾನಿ ಪ್ರತಿ ವರ್ಷ ಕಾಫಿ ಕೊಟ್ಟು ಮೇಲೆ ಕಳಿಸುತ್ತಿದ್ದರು. ಕಳೆದ ವರ್ಷ ಮಾತ್ರ ಮೆಟ್ಟಿಲಿಗೆ ಅಡ್ಡ ನಿಂತರು.

“ಈ ಸಲ ಎಣಿಸ್ಬ್ಯಾಡ ಕಣಮ್ಮ. ಮಗಳು ಬಂದವ್ಳೆ.”

ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಈಗ ತುಂಬಿದ ಬಸುರಿ. ಇದಕ್ಕೆ ಮೊದಲಿನ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಆಗ ಮನೆಯವರೆಲ್ಲ ಬಾಯಿತುಂಬ ತಿಂಗಳು ಎಣಿಸಿದ್ದರಂತೆ, ತೊಟ್ಟಿಲೂ ತಂದಿದ್ದರಂತೆ.

“ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ವಿ, ಅನುಭವಿಸಿದ್ವಿ. ಉಣ್ಣೋ ಮಕ್ಕಳ್ನ, ಗೂಡ್ನಾಗಿರೋ ಮರೀನ ಎಣಿಸಿದ್ರೆ ದಿಷ್ಟಿ ತಾಕ್ತದೆ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೊಕ್ಕರೆಗೂ ನಿಮ್ಮ ಮಗಳಿಗೂ ಏನು ಸಂಬಂಧ ಎಂಬ ಮಾತು ನಾಲಿಗೆಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಮಗಳೇ ಬಾಗಿಲಿಗೆ ಬಂದಳು. ತಾಯಿಗಿಂತ ಅವಳೇ ಹೆಚ್ಚು ಹೆದರಿದ್ದಳು. ಆ ಮುಖ ನೋಡಿ ಮಾತು ನುಂಗಿಕೊಂಡೆ, ವಾಪಸ್ ಹೊರಟೆ.

“ಅಮ್ಮ, ಅಂಕಿ ಬಾಯಾಗೆ ಬರದೆ ಇದ್ರೆ ಆಯ್ತಲ್ಲ?” ಎಂದಳು ಮಗಳು. “ಆಂಟಿ ಗೂಡಿಗೊಂದು ಹುಣಸೆಬೀಜ ಡಬ್ಬಿಗೆ ಹಾಕ್ಲಿ. ಮರಿಗಳು ಹಾರಿದ್ಮೇಲೆ ಬೀಜ ಎಣಿಸ್ಕಳ್ಳಿ.”

ತಾಯಿ ತುಸು ಯೋಚಿಸಿ ಒಳಗಿನಿಂದ ಮುಚ್ಚಳದ ಡಬ್ಬಿ ತಂದರು. ಮುಚ್ಚಳ ಬೇಕೇಬೇಕು, ಕಣ್ಣಳತೆ ಹಾಕಿದರೂ ಎಣಿಸಿದ ಹಾಗೆಯೇ ಅಂತೆ.

ನಾನು ಮತ್ತು ಮಗಳು ತಾರಸಿಯ ಮೇಲೆ ನೆರಳಲ್ಲಿ ಕೂತೆವು. ದುರ್ಬೀನಿನಲ್ಲಿ ಒಂದು ಗೂಡು ಕಂಡರೆ ನಾನು ಕೈ ಚಾಚುತ್ತಿದ್ದೆ, ಅವಳು ಒಂದು ಬೀಜ ಕೊಡುತ್ತಿದ್ದಳು. ಎಣಿಸದೆ ಇರುವುದು ಎಣಿಸುವುದಕ್ಕಿಂತ ಕಷ್ಟ. ದಿನಾ ಮಗ್ಗಿ ಹೇಳಿಸುವ ನನ್ನ ಮನಸ್ಸು ಹನ್ನೆರಡು, ಹದಿಮೂರು ಎಂದು ತಾನೇ ಓಡುತ್ತಿತ್ತು. ಕಿವಿ ಹಿಂಡಿ ಕೂರಿಸಬೇಕಾಯಿತು.

“ಹೋದ್ಸಲದ್ದು ಹೆಣ್ಣಂತೆ ಆಂಟಿ. ನಂಗೆ ತೋರಿಸ್ಲೇ ಇಲ್ಲ,” ಎಂದಳು ಅವಳು, ಬೀಜ ಕೊಡುತ್ತಲೇ.

ಅವಳನ್ನು ಕೊಟ್ಟ ಕಲ್ಯಾಣದುರ್ಗವೇ ನಾನು ಬೆಳೆದ ಊರು, ಆ ಹುಡುಗಿ ನನ್ನ ತಂಗಿಯ ಮಗಳಂತೆಯೇ ಕಂಡಳು. ಎದುರು ಮರದಲ್ಲಿ ಒಂದು ಕೊಕ್ಕರೆ ರೆಕ್ಕೆ ಅಗಲಿಸಿ, ಮರಿಗಳಿಗೆ ಬಿಸಿಲು ತಾಗದಂತೆ ನಿಂತಿತ್ತು. ದುರ್ಬೀನನ್ನು ಅವಳ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿದಳು.

ಅರ್ಧ ಮರಗಳೂ ಮುಗಿದಿರಲಿಲ್ಲ, ಅವಳಿಗೆ ನೋವು ಶುರುವಾಯಿತು. ಪಕ್ಕದ ಮನೆಯ ಆಟೋದಲ್ಲಿ ಹಿಂದೂಪುರದ ಆಸ್ಪತ್ರೆಗೆ ಹೊರಟೆವು, ನಾನೂ ಹತ್ತಿಕೊಂಡೆ. ದಾರಿಯುದ್ದಕ್ಕೂ ತಾಯಿ ತೆಲುಗಿನಲ್ಲಿ ದೇವರನ್ನು ಬೇಡಿದರು, ಕನ್ನಡದಲ್ಲಿ ಆಟೋದವನನ್ನು ಬೈದರು. ಆಸ್ಪತ್ರೆಯಲ್ಲಿ ಮಗಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅವರು ಆ ಬಾಗಿಲನ್ನೇ ನೋಡುತ್ತ ನಿಂತರು. ಕಾಫಿ ತಂದುಕೊಟ್ಟೆ, ಅದು ಆರಿಹೋಯಿತು.

ಸಂಜೆ ಹೆರಿಗೆಯಾಯಿತು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಅಜ್ಜಿಯ ಕೈಗಿಟ್ಟು, “ಹೆಣ್ಣು ಮಗು. ಇಬ್ರೂ ಚೆನ್ನಾಗವ್ರೆ,” ಎಂದರು.

ಅಜ್ಜಿ ಬೆಂಚಿನ ಮೇಲೆ ಕೂತು ಬಟ್ಟೆ ಬಿಡಿಸಿದರು. ಕೂಸಿನ ಕಾಲಿನ ಕಿರುಬೆರಳು ಹಿಡಿದು, ವರಾಂಡದವರಿಗೆಲ್ಲ ಕೇಳುವಂತೆ “ಒಂದು” ಎಂದರು. “ಎರಡು. ಮೂರು.” ಕಾಲು ಮುಗಿಸಿ ಕೈಗೆ ಬಂದರು. ನನಗೆ ಅಳು ತಡೆಯಲಾಗಲಿಲ್ಲ. ಇಪ್ಪತ್ತು ಎನ್ನುವಾಗ ಅವರೂ ಅತ್ತರು. ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು.