ದನಿ ಮುಟ್ಟುವ ಕಡೆ ಮೇಜು ಹಾಕಿದ ಫೋನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫೋನಕ್ಕ ಹೊಸ್ತಿಲ ಮೇಲೆ ಕೂತು ಕಾರ್ಡ್‌ಲೆಸ್ ಫೋನಿನ ಹ್ಯಾಂಡ್‌ಸೆಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದಾಳೆ. ಬ್ಯಾಟರಿ ತೆಗೆದಾಯಿತು, ಅದರ ಗೂಡಿನ ಸ್ಕ್ರೂ ಬಿಚ್ಚಿದ್ದಾಯಿತು. ಅಂಟಿಸಿದ್ದ ಚೀಟಿಯ ಅಡಿ ಅವಿತಿದ್ದ ಇನ್ನೊಂದು ಸ್ಕ್ರೂ ಕೂಡ ಬಂತು. ಈಗ ಸಂದಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ತೂರಿಸಿ ಮೆಲ್ಲಗೆ ಜಾರಿಸುತ್ತಾಳೆ.

"ಎಷ್ಟೊತ್ತೇ?" ಒಳಗಿನಿಂದ ಗಂಡ ಕೂಗುತ್ತಾನೆ. ಅವನ ಕೂಗು ಬಾಗಿಲು ದಾಟಿದರೆ ಹೆಚ್ಚು.

"ಅವಸರ ಮಾಡಿದ್ರೆ ಕೊಂಡಿ ಮುರಿಯುತ್ತೆ ರೀ. ಆಮೇಲೆ ರಬ್ಬರ್ ಬ್ಯಾಂಡ್ ಸುತ್ಕೊಂಡು ಮಾತಾಡಿ!"

ಅವನು ಟೆಲಿಫೋನ್ ಕಂಬ ಹತ್ತುತ್ತಿದ್ದ ಲೈನ್‌ಮ್ಯಾನ್. ಬಿದ್ದ ಮೇಲೆ ಬಲಗೈ ಒಂದು ಬಿಟ್ಟು ಕತ್ತಿನ ಕೆಳಗೆ ಏನೂ ಆಡುವುದಿಲ್ಲ. ಕಂಬಕ್ಕೆ ಬಿಗಿಯುವ ಬೆಲ್ಟು ಕಟ್ಟಿಕೊಂಡಿರಲಿಲ್ಲ ಎಂದು ಗುತ್ತಿಗೆದಾರ ಕೈ ತೊಳೆದುಕೊಂಡ. ಕೊಟ್ಟಿದ್ದರೆ ತಾನೇ ಕಟ್ಟಿಕೊಳ್ಳುವುದು! ಊರಿಗೆಲ್ಲ ಮಾತಿನ ತಂತಿ ಎಳೆದು ಕೊಟ್ಟವನಿಗೆ ಈಗ ಕಫ ಕಟ್ಟಿದರೆ ಹೆಂಡತಿಯನ್ನು ಕರೆಯಲೂ ಫೋನೇ ಬೇಕು. ಒಂದು ಹ್ಯಾಂಡ್‌ಸೆಟ್ ಅವನ ಎದೆಯ ಮೇಲೆ, ಅದರ ಜೋಡಿ ಅಕ್ಕನ ಮೇಜಿನ ಮೇಲೆ; ಒಂದರ ಗುಂಡಿ ಒತ್ತಿದರೆ ಇನ್ನೊಂದು ಬಡಿದುಕೊಳ್ಳುತ್ತದೆ.

ಫೋನ್ ರಿಪೇರಿಗೆ ಗಿರಾಕಿ ಸಿಗುವುದು ಪೇಟೆಯಲ್ಲಿ. ಅಕ್ಕನ ಮೇಜಿರುವುದು ಓಣಿಯ ಬಾಯಲ್ಲಿ, ಗಬ್ಬು ನಾರುವ ಚರಂಡಿಯ ಪಕ್ಕ. ಮೊದಲ ದಿನ ಫೋನು ಕಿವಿಗಿಟ್ಟುಕೊಂಡು ನಡೆದಳಂತೆ. ಅವನು ಬಾಯಿಗೆ ಬಂದದ್ದು ಹೇಳುತ್ತಲೇ ಇದ್ದ. ದನಿ ಎಲ್ಲಿ ಕಡಿದುಹೋಯಿತೋ ಅಲ್ಲಿಂದ ಒಂದೆರಡು ಹೆಜ್ಜೆ ಹಿಂದೆ ಬಂದು ಮೇಜು ಹಾಕಿದಳು. ದಿನಕ್ಕೆ ಎರಡು ಮೂರು ಫೋನು ಬಂದರೆ ಪುಣ್ಯ, ಉಳಿದ ಹೊತ್ತು ನೊಣ ಹೊಡೆಯುವುದು.

ನಿನ್ನೆ ಮೇಜಿನ ಮೇಲಿನ ಹ್ಯಾಂಡ್‌ಸೆಟ್ ಬಡಿದುಕೊಂಡಿತು. ಎತ್ತಿದರೆ ಮಾತಿಲ್ಲ, ಉಸಿರಿನ ಸದ್ದೂ ಇಲ್ಲ.

"ಮುನಿಸ್ಕೊಂಡಿದಾರೆ ಅಂದ್ಕೊಂಡೆ. 'ಏನ್ರೀ, ಮೌನವ್ರತಾನಾ?' ಅಂತ ತಮಾಷೆ ಮಾಡ್ದೆ," ಎನ್ನುತ್ತಾಳೆ ಅಕ್ಕ. ಕಾರ್ಡು ಹಿಡಿದ ಕೈ ನಿಲ್ಲುತ್ತದೆ. "ಅವರು ಆಗ ಉಸಿರು ಕಟ್ಟಿ ಒದ್ದಾಡ್ತಿದ್ರು. ನಾನು ನಗ್ತಿದ್ದೆ."

ಮತ್ತೆ ಬಡಿದುಕೊಂಡಾಗ ಮನೆಗೆ ಓಡಿದಳು. ಅವನ ತುಟಿ ನೀಲಿಗಟ್ಟಿತ್ತು.

ಟಕ್ಕೆಂದು ಕೊಂಡಿ ಬಿಡುತ್ತದೆ. ಎರಡು ಹೋಳಿನ ನಡುವೆ ಕೂದಲೆಳೆಯಂಥ ವೈರು, ಜಗ್ಗಿದರೆ ಕೆಟ್ಟಿತು. ಪುಸ್ತಕದಂತೆ ತೆರೆಯುತ್ತಾಳೆ. ಮೈಕಿನ ಮೇಲೆ ಕೆಮ್ಮಿನ ಔಷಧಿ ಅಂಟಂಟಾಗಿ ಒಣಗಿದೆ. ಮಲಗಿದವನ ಬಾಯಿಗೆ ಹಾಕುವಾಗ ಚೆಲ್ಲಿದ್ದು. ಸತ್ತ ಫೋನೊಂದರಿಂದ ಮೈಕು ಕಿತ್ತು ಬೆಸುಗೆ ಹಾಕುತ್ತಾಳೆ.

ಹೋಳು ಮುಚ್ಚಿ ಅವನ ಎದೆಯ ಮೇಲಿಟ್ಟು, ಜೋಡಿಯನ್ನು ಹಿಡಿದು ಓಣಿಯ ಬಾಯಿಗೆ ಹೋಗುತ್ತಾಳೆ.

"ಕೇಳ್ತಿದೆಯೇನ್ರೀ?"

"ಕೇಳ್ತಿದೆ. ನಿಂಗೆ?"

"ಹೂಂ. ಬೈಗುಳವೂ ಕೇಳುತ್ತೆ, ಹುಷಾರು."

ಅವನು ನಗುವುದಿಲ್ಲ. "ರಿಪೇರಿ ಆಗ್ದೇ ಇರ್ಲಿ ಅಂತ ಬೇಡ್ಕೊಂಡಿದ್ದೆ ಕಣೇ. ಇವತ್ತು ಮನೇಲೇ ಇರ್ತಿದ್ದೆ ನೀನು."

ಅಕ್ಕ ಸೆರಗಿನಿಂದ ಮೇಜು ಒರೆಸುತ್ತಾಳೆ. ಒರೆಸಿದ ಜಾಗವನ್ನೇ ಒರೆಸುತ್ತಾಳೆ. ಅಷ್ಟರಲ್ಲಿ ಮುದುಕನೊಬ್ಬ ಕೆಟ್ಟ ಫೋನು ಹಿಡಿದು ಬಂದು ನಿಲ್ಲುತ್ತಾನೆ.

"ಗಿರಾಕಿ ಬಂದ್ರು. ಇಡ್ಲಾ?"

"ಇಡ್ಬೇಡ. ನೀನು ಅವರ ಹತ್ರಾನೇ ಮಾತಾಡು. ನಾನು ಸುಮ್ನೆ ಕೇಳ್ತಿರ್ತೀನಿ."

ಅಕ್ಕ ಹ್ಯಾಂಡ್‌ಸೆಟ್ಟನ್ನು ಇಬ್ಬರ ನಡುವೆ ಮೇಲ್ಮುಖವಾಗಿ ಇಟ್ಟು ಮುದುಕನಿಗೆ ಸ್ಟೂಲು ತೋರಿಸುತ್ತಾಳೆ.

"ಕೂತ್ಕೊಳ್ಳಿ ಅಜ್ಜ. ಏನಾಗಿದೆ, ನಿಧಾನಕ್ಕೆ ಹೇಳಿ. ಸ್ವಲ್ಪ ಜೋರಾಗಿ."