ಪರದೆಯನ್ನೇ ಹೆಸರು ಕೇಳಿದ್ದು

ನೋಡ್ರಪ್ಪಾ, ಇವತ್ತು ನಮ್ಮ ಪರೇಲ್ ಆಫೀಸಿನಲ್ಲಿ ನಾನು ಹಟ ಬಿಡಲಿಲ್ಲ. ಇಲ್ಲಿನ ಕಂಪ್ಯೂಟರ್ ಪರದೆಗಳು ಬೇರೆ ಬೇರೆ ಕಂಪನಿಯವು. ಯಾವುದೆಂದು ತಿಳಿಯದಿದ್ದರೆ ಪ್ರೋಗ್ರಾಮ್ ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಅದು 'ನೀನು ಯಾವ ಕಂಪನಿಯ ಪರದೆ' ಎಂದು ಪರದೆಯನ್ನೇ ಕೇಳಿ ತಿಳಿಯುವಂತೆ, ಪುಸ್ತಕ ನೋಡಿ ಕಲಿತು ನಾನು ಬರೆದಿದ್ದೆ.

"ಅದನ್ನ ತೆಗೆದು ಹಾಕಿ. ಪರದೆ ಚೌಕಟ್ಟಿನ ಮೇಲಿರೋ ಕಂಪನಿ ಹೆಸರು ನೋಡಿ ಜನಾನೇ ಟೈಪ್ ಮಾಡ್ಲಿ," ಎಂದರು ಮ್ಯಾನೇಜರ್ ರಾವ್.

"ನೀವೇ ಒಮ್ಮೆ ಮಾಡಿ ತೋರ್ಸಿ ಸರ್," ಎಂದೆ.

ನಿನ್ನೆಯ ದಸರಾ ಪೂಜೆಯ ಅರಿಶಿನ ಕುಂಕುಮ ಹೆಸರನ್ನು ಪೂರ್ತಿ ಮುಚ್ಚಿತ್ತು. ರಾವ್ ಒರೆಸಲು ಕರವಸ್ತ್ರ ತೆಗೆದರು. ಪೂಜೆಯ ಕುಂಕುಮ ಮುಟ್ಟಬೇಡಿ ಎಂದು ಟೈಪಿಸ್ಟ್ ಶಿಂದೆಬಾಯಿ ಅಡ್ಡ ನಿಂತರು: "ಪೂಜಾ ಕಾ ಕುಂಕುಮ್ ಹೈ ಸಾಹೇಬ್, ಹಾಥ್ ಮತ್ ಲಗಾನಾ!"

ನನ್ನ ಪ್ರೋಗ್ರಾಮ್ ಉಳಿಯಿತು. ಒಂದು ಹಳೆಯ ಪರದೆ ಮಾತ್ರ ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ.

"ಈಗೇನ್ ಮಾಡ್ತೀರಿ?" ಎಂದರು ರಾವ್.

"ಏನು ಬೇಕಂತ ಬಾಯಿ ಬಿಡದ ನೆಂಟರಿಗೆ ಅನ್ನ ಸಾರು ಬಡಿಸ್ತೀವಲ್ಲ ಸರ್, ಹಾಗೇ ಇದಕ್ಕೂ ಯಾವ ಪರದೇಲಾದ್ರೂ ಮೂಡೋ ಸಾದಾ ಅಕ್ಷರ."